ನಾಲ್ಕನೇ ಸೀಟಿನ ಮೋಡೆಮ್

ಮೊದಲೇ ಹೇಳಿಬಿಡುತ್ತೇನೆ, ಯಂತ್ರಗಳಿಗೆ ನನ್ನನ್ನು ಕಂಡರೆ ಭಯ, ಭಕ್ತಿ ಎರಡೂ ಇವೆ! ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ಯಾರ ಮನೆಯ ಮಿಕ್ಸರ್ ಮುನಿಸಿಕೊಂಡರೂ ನಾನು ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಸಾಕು, ಅದು ತಿರುಗತೊಡಗುತ್ತಿತ್ತು. ನಾನು ರಿಪೇರಿ ಮಾಡಿದ ಒಂದು ರೇಡಿಯೋ ಎಷ್ಟು ಚುರುಕಾಯಿತೆಂದರೆ, ನಾಳೆಯ ವಾರ್ತೆಯನ್ನು ಇವತ್ತೇ ಓದಲು ಶುರುಮಾಡಿತು. ಮನೆಯವರು ಹೆದರಿ ಅದನ್ನು ಗುಜರಿ ಕೊಳ್ಳುವ ಭಂಗಾರ್‌ವಾಲಾನಿಗೆ ಕೊಟ್ಟುಬಿಟ್ಟರು. ಸಾಂತಾಕ್ರೂಜ್‌ನಲ್ಲಿ ಬಾಡಿಗೆಗಿದ್ದಾಗ ಒಂದು ಸಂಜೆ ಕರೆಂಟು ಹೋಗಿತ್ತು. ಟೆರೇಸಿನ ಮೇಲೆ ಕೂತು ಟಾರ್ಚ್ ರಿಪೇರಿ ಮಾಡಿ ಆಕಾಶಕ್ಕೆ ಹಿಡಿದೆ ನೋಡಿ, ಒಂದು ವಿಮಾನ ನಮ್ಮ ಟೆರೇಸನ್ನೇ ರನ್‌ವೇ ಅಂದುಕೊಂಡು... ಇರಲಿ ಬಿಡಿ. ಆ ಕತೆ ಹೇಳಿದರೆ ನೀವು ನಂಬುವುದಿಲ್ಲ. ನನ್ನ ಹೆಂಡತಿಯೇ ನಂಬಿಲ್ಲ, ಅವಳು ಆಗ ಪಕ್ಕದಲ್ಲೇ ನಿಂತಿದ್ದಳು.

ಇಂಥ ನಾನು ರಿಟೈರ್ ಆದ ಮೇಲೆ ಒಂದು ಕಂಪ್ಯೂಟರ್ ಸಾಕಿಕೊಂಡೆ. ಊರಿನ ಹೆಸರು ಇನ್ನೂ ಬಾಂಬೆಯೇ ಆಗಿದ್ದ ಕಾಲ, ತೊಂಬತ್ನಾಲ್ಕನೇ ಇಸವಿ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಕಂಪನಿಯವರು ಹೊಸ ಕಂಪ್ಯೂಟರ್ ತಂದು ಹಳೆಯದನ್ನು ಮೂಲೆಗೆ ತಳ್ಳಿದ್ದರು. ಅದನ್ನು ಕೇಳಿ ಪಡೆದು, ರಿಕ್ಷಾದಲ್ಲಿ ಮಡಿಲ ಮೇಲಿಟ್ಟುಕೊಂಡು, ಬಾಣಂತಿಯನ್ನು ಕರೆತರುವ ಜಾಗ್ರತೆಯಿಂದ ಮನೆಗೆ ತಂದಿದ್ದೆ. ಮೌಸ್ ಇತ್ತು, ಪ್ರಿಂಟರ್ ಇತ್ತು, ಆನ್ ಮಾಡಿದರೆ ‘ಟಂಗ್’ ಎನ್ನಲು ಒಂದು ಸೌಂಡ್ ಕಾರ್ಡೂ ಇತ್ತು. ಅದರಿಂದ ಉಪಯೋಗ ಏನು ಎಂದು ಮಾತ್ರ ಯಾರೂ ಕೇಳಬಾರದು. ನನ್ನ ಹೆಂಡತಿ ರಮಾಮಣಿ ದಿನಕ್ಕೊಮ್ಮೆ ಕೇಳುತ್ತಿದ್ದಳು.

ಅದಕ್ಕೆ ಉತ್ತರ ಕೊಡುವ ಸುದಿನ ಬಂದೇ ಬಂತು!

ರಮಾಮಣಿಯ ಸಾರಿನ ಪುಡಿಯ ಬಗ್ಗೆ ಎರಡು ಮಾತು ಹೇಳಬೇಕು. ಮೈಸೂರು ಸೀಮೆಯ ಪುಡಿ. ಅದರ ಘಮ ಮಲಾಡಿನಲ್ಲಿ ಹುಟ್ಟಿದರೆ ಒಂದು ಸ್ಟೇಷನ್ ಮೊದಲೇ, ಗೋರೆಗಾಂವ್‌ನಲ್ಲಿ, ಜನ ಲೋಕಲ್ ರೈಲಿನಿಂದ ಇಳಿದುಬಿಡುತ್ತಿದ್ದರು. ವರ್ಷಗಟ್ಟಲೆ ಬಿಲ್ಡಿಂಗಿನವರು, ನೆಂಟರು, ನೆಂಟರ ನೆಂಟರು ಡಬ್ಬಿ ಹಿಡಿದು ಬರುತ್ತಿದ್ದರು, ತುಂಬಿಸಿಕೊಂಡು ಹೋಗುತ್ತಿದ್ದರು, ಹೋಗುವಾಗ ‘ತಿರುಮಲೇಶ್ ಮನೆ ಪುಡಿ’ ಎಂದು ಹೊಗಳುತ್ತಿದ್ದರು. ತಿರುಮಲೇಶ್ ಎಂದರೆ ನಾನು. ನಾನು ಆ ಪುಡಿಗೆ ಮಾಡಿದ ಸೇವೆ ಎಂದರೆ ಸೀನಿದ್ದು ಮಾತ್ರ.

ಹೀಗಿರುವಾಗ ಸಾಂತಾಕ್ರೂಜ್‌ನಲ್ಲಿ ಏರ್‌ಪೋರ್ಟ್ ಹತ್ತಿರದ ಒಂದು ದೊಡ್ಡ ಹೋಟೆಲಿನಲ್ಲಿ ಖರೀದಿ ವಿಭಾಗ ನೋಡಿಕೊಳ್ಳುವ ವಿನೋದಿನಿ ಎಂಬ ಹುಡುಗಿ, ನಮ್ಮ ಬಿಲ್ಡಿಂಗಿನ ಯಾರದೋ ಅರಿಶಿನ ಕುಂಕುಮಕ್ಕೆ ಬಂದವಳು, ಈ ಸಾರು ಉಂಡಳು. ಉಂಡವಳು ನೇರ ನಮ್ಮ ಮನೆಗೆ ಬಂದು “ರಮಾಮಣಿ ಆಂಟಿ ಯಾರು?” ಎಂದು ಕೇಳಿದಳು. ಅವರ ಹೋಟೆಲಿನಲ್ಲಿ ಮೈಸೂರು ಊಟದ ಉತ್ಸವವಂತೆ. ಪುಡಿ, ಗೊಜ್ಜು ಎಲ್ಲ ಒಬ್ಬರೇ ಕೊಡಬೇಕು. ಮಾಟುಂಗಾದ ಒಂದು ದೊಡ್ಡ ಅಂಗಡಿಯವರು ಆಗಲೇ ಕೇಳಿದ್ದಾರೆ. ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಅವಳೂ ಅವರ ಮುಖ್ಯ ಅಡುಗೆಯವರೂ ಕೂತು ನಿರ್ಧಾರ ಮಾಡುತ್ತಾರೆ. ಅಷ್ಟರೊಳಗೆ ಏನೇನು ಕೊಡುತ್ತೀರಿ ಎಂದು ಬರೆದು ಫ್ಯಾಕ್ಸ್ ಮಾಡಿ ಆಂಟಿ ಎಂದಳು.

ಆ ಹುಡುಗಿ ಹೋದ ಮೇಲೆ ರಮಾಮಣಿ ಸ್ವಲ್ಪ ಹೊತ್ತು ಬಾಗಿಲು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, “ನನ್ನ ಹೆಸರು ಹಿಡಿದು ಕೇಳಿದಳು ಕಣ್ರೀ,” ಎಂದಳು. ಅಷ್ಟೇ.

ಶುಕ್ರವಾರ ಬೆಳಿಗ್ಗೆ ಅವಳು ಚೀಟಿ ಬರೆದುಕೊಂಡು, ಸೀರೆ ಬದಲಾಯಿಸಿ, ಸ್ಟೇಷನ್ ಹತ್ತಿರದ ಫ್ಯಾಕ್ಸ್ ಅಂಗಡಿಗೆ ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಹಿಂದಿನ ದಿನವೇ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಿಂದ ಒಂದು ಫ್ಯಾಕ್ಸ್ ಮೋಡೆಮ್ ಕಾರ್ಡ್ ತಂದು ಪೇಪರಿನ ಕೆಳಗೆ ಬಚ್ಚಿಟ್ಟಿದ್ದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘ಪ್ಲಗ್ ಅಂಡ್ ಪ್ಲೇ’ ಎಂದು ಅಚ್ಚಾಗಿತ್ತು. ಅಂದರೆ ಸಿಕ್ಕಿಸು, ಆಡು!

“ಮನೇಲಿ ಡಿಕಾಕ್ಷನ್ ಇಳೀತಿರುವಾಗ ಯಾರಾದ್ರೂ ಕಾಫಿಗೆ ಹೋಟೆಲ್‌ಗೆ ಹೋಗ್ತಾರಾ?” ಎಂದೆ. “ಟೆಲಿಫೋನ್ ತಂತಿ ಈ ಕಾರ್ಡಿಗೆ, ಕಾರ್ಡು ಕಂಪ್ಯೂಟರಿಗೆ. ನಿನ್ನ ಒಗ್ಗರಣೆ ಸಿಡಿಯೋದ್ರೊಳಗೆ ಫ್ಯಾಕ್ಸ್ ಸಾಂತಾಕ್ರೂಜ್‌ನಲ್ಲಿರುತ್ತೆ.”

“ಹೋದ ಸಲ ಗೀಸರ್‌ಗೂ ಹೀಗೇ ಅಂದ್ರಿ.”

“ಗೀಸರ್ ಬೇರೆ, ಸೈನ್ಸ್ ಬೇರೆ.”

“ಒಂದು ಗಂಟೆಗೆ ಹೋಗಿರಬೇಕು. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ.”

ಆಗಲ್ಲ ಎಂಬ ಮಾತು ನನ್ನ ಡಿಕ್ಷನರಿಯಲ್ಲಿ ಇಲ್ಲ ಎಂದೆ. ಅವಳು ಅನುಮಾನದಿಂದಲೇ ಚೀಟಿ ನನ್ನ ಕೈಗಿಟ್ಟು ಮೆಣಸು ಆರಿಸಲು ಕೂತಳು. ಜೊತೆಗೆ ಕೈಯಾಸರೆಗೆ ಬರುವ ಕಲಬುರ್ಗಿ ಕಡೆಯ ನೀಲಾಬಾಯಿ ಇದ್ದಳು. ನಾನು ಸ್ಕ್ರೂಡ್ರೈವರ್ ಹಿಡಿದು ಕಂಪ್ಯೂಟರಿನ ಮುಚ್ಚಳ ಬಿಚ್ಚಿದೆ. ಒಳಗೆ ಧೂಳು, ತಂತಿ, ಒಂದು ಸತ್ತ ಜಿರಲೆ. ನೀಲಾಬಾಯಿ ಇಣುಕಿ ನೋಡಿ, “ಅಜ್ಜಾರ, ಹೊಟ್ಟಿ ಬಿಚ್ಚೀರಿ. ಮತ್ತ ಹೊಲಿಯಾಕ ಬರ್ತೈತೇನ್ರಿ?” ಎಂದಳು. ಆಪರೇಷನ್ ನಡೆಯುವಾಗ ಸರ್ಜನ್‌ಗಳು ಮಾತಾಡುವುದಿಲ್ಲ.

ಕಾರ್ಡು ಸಿಕ್ಕಿಸಿದೆ. ಟೆಲಿಫೋನ್ ತಂತಿ ತಂದು ಹಚ್ಚಿದೆ. ಸ್ವಿಚ್ ಒತ್ತಿದೆ. ‘ಟಂಗ್’! ಪರದೆ ಬೆಳಗಿತು, ಮೌಸಿನ ಬಾಣ ಜಿಂಕೆಮರಿಯಂತೆ ಓಡಾಡಿತು. ಫ್ಯಾಕ್ಸ್ ಪ್ರೋಗ್ರಾಂ ತೆರೆದು, ಮೊದಲು ಲೈನು ಪರೀಕ್ಷಿಸೋಣವೆಂದು ಹೋಟೆಲಿನ ನಂಬರು ಒತ್ತಿ, ಖಾಲಿ ಹಾಳೆಯನ್ನೇ ‘ಕಳಿಸು’ ಎಂದೆ. ಮೋಡೆಮ್ ಒಮ್ಮೆ ಗಂಟಲು ಸರಿಮಾಡಿಕೊಂಡಿತು. ಅದೇ ಕ್ಷಣ ಬಾಣ ನಿಂತಿತು! ಮೌಸನ್ನು ಎಳೆದೆ, ಉಜ್ಜಿದೆ, ಬೆನ್ನು ತಟ್ಟಿದೆ. ಇಲ್ಲ. ಮೋಡೆಮ್ಮೂ ಮೌನ. ಸಿಕ್ಕಿಸಿದ್ದು ನಾನು, ಆಡಿಸಿದ್ದು ಅದು.

ಆಗ ನಾಣಿಯನ್ನು ಕರೆಸಿದೆ. ನಾಣಿ ಕೆಳಗಿನ ಮಹಡಿಯವನು, ಬೆಂಗಳೂರಿನವನು, ಒಂದು ಬ್ಯಾಂಕಿನಲ್ಲಿ ಕೆಲಸ. ಅವರ ಬ್ರ್ಯಾಂಚಿನಲ್ಲಿ ಕಂಪ್ಯೂಟರನ್ನು ಗಾಜಿನ ರೂಮಿನಲ್ಲಿ ಇಟ್ಟಿದ್ದರು. ಆ ಗಾಜಿನ ಹೊರಗೆ ಕೂತು ಕೂತು ನಾಣಿಗೆ ಅಪಾರ ಜ್ಞಾನ ಬಂದಿತ್ತು. ರಜೆ ಹಾಕಿ ಮನೆಯಲ್ಲಿದ್ದವನು ಬನಿಯನ್‌ನಲ್ಲೇ ಓಡಿಬಂದ. ಕಾರ್ಡಿನ ಜೊತೆ ಬಂದಿದ್ದ ಪುಸ್ತಕವನ್ನು ಪಂಚಾಂಗದ ಹಾಗೆ ಬಿಡಿಸಿ ಓದಿ ನನಗೆ ಅರ್ಥ ಹೇಳಿದ.

ವಿಷಯ ಇಷ್ಟು. ಕಂಪ್ಯೂಟರಿನ ಒಳಗೆ ಒಬ್ಬ ಸಾಹೇಬ ಇದ್ದಾನೆ. ಮೌಸು, ಪ್ರಿಂಟರು, ಸೌಂಡ್ ಕಾರ್ಡು ಎಲ್ಲರೂ ಅವನ ಜವಾನರು. ಯಾರಿಗಾದರೂ ಸಾಹೇಬರ ಹತ್ತಿರ ಕೆಲಸವಿದ್ದರೆ ತಮ್ಮ ನಂಬರಿನ ಗಂಟೆ ಬಾರಿಸಬೇಕು. ಸೌಂಡಿಗೆ ಐದು, ಪ್ರಿಂಟರಿಗೆ ಏಳು, ಮೌಸಿಗೆ ನಾಲ್ಕು. ಹೊಸದಾಗಿ ಬಂದ ಮೋಡೆಮ್ಮಿಗೂ ಫ್ಯಾಕ್ಟರಿಯವರು ನಾಲ್ಕನ್ನೇ ಕೊಟ್ಟಿದ್ದಾರೆ! ನಾಲ್ಕನೇ ಗಂಟೆ ಬಾರಿಸಿದರೆ ಕರೆದದ್ದು ಯಾರು ಎಂದು ತಿಳಿಯದೆ ಸಾಹೇಬ ಬೆಪ್ಪಾಗಿ ಕೂರುತ್ತಾನೆ. ಕಾರ್ಡಿನ ಮೇಲೆ ಮುಳ್ಳುಗಳ ಸಾಲಿದೆ, ಅದಕ್ಕೆ ಒಂದು ಪುಟಾಣಿ ಕರಿ ಟೋಪಿ, ಹೆಸರು ಜಂಪರ್. ಟೋಪಿಯನ್ನು ಯಾವ ಮುಳ್ಳಿಗೆ ಹಾಕುತ್ತೀರೋ ಆ ನಂಬರು. ಒಂದೇ ನಂಬರನ್ನು ಇಬ್ಬರಿಗೆ ಕೊಡಬಾರದು ಎಂದು ಪುಸ್ತಕದಲ್ಲಿ ಕಪ್ಪು ಚೌಕಟ್ಟು ಹಾಕಿ ಬರೆದಿತ್ತು.

ನಾಣಿ ಪುಸ್ತಕ ಮುಚ್ಚಿ ನಕ್ಕ. “ಇದನ್ನ ಬರೆದವನು ಬೋರಿವಲಿ ಲೋಕಲ್ ಹತ್ತಿಲ್ಲ ಸಾರ್. ಮೂರು ಜನರ ಸೀಟಿಗೆ ನಾಲ್ಕನೆಯವನು ಬಂದ್ರೆ ನಾವೇನು ಮಾಡ್ತೀವಿ?”

“ಸರೀತೀವಿ,” ಎಂದೆ.

“ಅಷ್ಟೇ. ಥೋಡಾ ಅಡ್ಜಸ್ಟ್.”

ನನ್ನ ಮೈಯಲ್ಲಿ ವಿದ್ಯುತ್ ಹರಿಯಿತು! ಎಂಥ ಸತ್ಯ! ಅದೂ ನಂಬರು ನಾಲ್ಕು! ನಾಲ್ಕನೇ ಸೀಟು ಇರುವುದೇ ಹಂಚಿಕೊಳ್ಳುವುದಕ್ಕೆ! ವಿದೇಶದ ಕಂಪ್ಯೂಟರಿಗೆ ಬಾಂಬೆಯ ನಾಗರಿಕತೆ ಕಲಿಸಲು ಇಬ್ಬರೂ ಪಣ ತೊಟ್ಟೆವು. ಟೋಪಿಯನ್ನು ನಾಲ್ಕರಲ್ಲೇ ಬಿಟ್ಟೆವು. ನಾನು ಮೌಸು ಹಿಡಿಯುವುದು, ನಾಣಿ ಮೋಡೆಮ್ಮಿಗೆ ಕಿವಿಯಿಟ್ಟು ಕೇಳುವುದು. ಅದು ಸದ್ದು ಮಾಡಿದ ಕೂಡಲೇ ಅವನು ‘ಸರಕೋ’, ಅಂದರೆ ಸರಿದುಕೋ, ಎನ್ನಬೇಕು, ನಾನು ಮೌಸನ್ನು ಎತ್ತಿ ಗಾಳಿಯಲ್ಲಿ ಹಿಡಿಯಬೇಕು, ‘ಬೈಠೋ’ ಎಂದರೆ ಮತ್ತೆ ಕೂರಿಸಬೇಕು. ನಾವಿಬ್ಬರೂ ಹೀಗೆ ಸರಕೋ, ಬೈಠೋ, ಸರಕೋ, ಬೈಠೋ ಎಂದು ಕವಾಯತು ಮಾಡುವುದನ್ನು ರಮಾಮಣಿ ಮೊರದ ಮೇಲಿನಿಂದ ನೋಡುತ್ತಿದ್ದಳು. ಅವಳು ಗಡಿಯಾರವನ್ನೂ ನೋಡುತ್ತಿದ್ದಳು. ಹನ್ನೊಂದು ದಾಟಿತ್ತು.

ಕಂಪ್ಯೂಟರ್ ಅಡ್ಜಸ್ಟ್ ಆಗಲಿಲ್ಲ. ಫಸ್ಟ್ ಕ್ಲಾಸಿನ ಜಂಬದ ಪ್ರಯಾಣಿಕನ ಹಾಗೆ ಕಾಲು ಚಾಚಿ ಕೂತೇಬಿಟ್ಟಿತು.

ಸರಿ, ಟೋಪಿ ಬದಲಾಯಿಸೋಣ ಎಂದು ಏಳಕ್ಕೆ ಹಾಕಿದೆವು. ಮೌಸಿಗೆ ಜೀವ ಬಂತು! ಆದರೆ ಏಳರಲ್ಲಿದ್ದ ಪ್ರಿಂಟರಿಗೆ ದೆವ್ವ ಹಿಡಿಯಿತು. ಕೇಳದೆಯೇ ಕಾಗದ ಕಕ್ಕತೊಡಗಿತು. ಅದರ ಮೇಲೆ ಯಾವ ಭಾಷೆಯೂ ಅಲ್ಲದ ಭಾಷೆ. ಹರಪ್ಪದವರು ಬಂದಿದ್ದರೆ ಓದಿ ಅತ್ತುಬಿಡುತ್ತಿದ್ದರು. ಕಾಗದ ಹಾಲ್ ದಾಟಿ, ಅಡುಗೆಮನೆಯ ಹೊಸ್ತಿಲು ದಾಟಿ, ನೀಲಾಬಾಯಿಯ ಕಾಲಿಗೆ ಸುತ್ತಿಕೊಂಡಿತು. ಟೋಪಿಯನ್ನು ಐದಕ್ಕೆ ಹಾಕಲು ಎತ್ತಿದೆ. ಬೆರಳು ಜಾರಿತು. ಕರಿ ಟೋಪಿ ಹಾರಿ, ಚಿಮ್ಮಿ, ರಮಾಮಣಿಯ ಮೊರದಲ್ಲಿದ್ದ ಕರಿಮೆಣಸಿನ ರಾಶಿಗೆ ಬಿತ್ತು!

ನಾಣಿ, ನಾನು ಇಬ್ಬರೂ ಮೊರದ ಮೇಲೆ ಬಗ್ಗಿದೆವು. ಕನ್ನಡಕ ಒರೆಸಿಕೊಂಡೆವು. ಮೆಣಸೆಲ್ಲ ಟೋಪಿಯ ಹಾಗೆ ಕಂಡಿತು, ಟೋಪಿ ಮಾತ್ರ ಕಾಣಲಿಲ್ಲ. ನಾಣಿ ಒಂದು ಕಾಳನ್ನು ಮುಳ್ಳಿಗೆ ಚುಚ್ಚಲೂ ನೋಡಿದ. ಕೊನೆಗೆ ನೀಲಾಬಾಯಿ, “ಯಕ್ಕಾ, ಈ ಮೆಣಸು ಚೌಕ ಐತಿ ನೋಡ್ರಿ,” ಎಂದು ಎತ್ತಿಕೊಟ್ಟಳು.

ಐದಕ್ಕೆ ಹಾಕಿದೆವು. ಐದು ಸೌಂಡ್ ಕಾರ್ಡಿನ ಜಾಗ ಎಂಬುದು ಹೇಗೆ ಮರೆಯಿತೋ ದೇವರಿಗೇ ಗೊತ್ತು. ಆನ್ ಮಾಡುತ್ತಲೇ ‘ಟಂಗ್’ ಎಂದಿತು, ನಿಲ್ಲಲಿಲ್ಲ. ಟಂಗ್ ಟಂಗ್ ಟಂಗ್ ಟಂಗ್! ಮೇಲಿನ ಮನೆಯ ರುಕ್ಮಿಣಿಬಾಯಿ ತಲೆಗೆ ಸೆರಗು ಹೊದ್ದು, ಕೈಮುಗಿದುಕೊಂಡು ಇಳಿದುಬಂದು, “ಆರತಿ ಸುರೂ ಝಾಲೀ ಕಾ?” ಎಂದು ಕೇಳಿದಳು. ಅವಳಿಗೆ ಏನು ಹೇಳುವುದು? ಒಂದು ಬಾಳೆಹಣ್ಣು ಪ್ರಸಾದ ಕೊಟ್ಟು ಕಳಿಸಿದೆ.

ಟೋಪಿಯನ್ನು ವಾಪಸು ನಾಲ್ಕಕ್ಕೇ ತಂದೆವು. ಇಷ್ಟರಲ್ಲಿ ಟೆಲಿಫೋನ್ ರಿಂಗಾಯಿತು. ರಮಾಮಣಿ ಸೆರಗಿಗೆ ಕೈ ಒರೆಸುತ್ತ ಎದ್ದು ಬರುವ ಮೊದಲೇ, ಎರಡು ಗಂಟೆ ಕಾಲ ಮೂಗನಾಗಿದ್ದ ಮೋಡೆಮ್ ತಾನಾಗಿ ಎದ್ದು ಫೋನ್ ಎತ್ತಿತು! ಎತ್ತಿ ಕಿರುಚಿತು. ಕೀಈಈ... ಘರ್ರ್ರ್... ಪೀಂಈಈ! ಹಸಿ ಮೆಣಸಿನಕಾಯಿ ಕಚ್ಚಿದ ಬೆಕ್ಕು ರೈಲಿನ ಚಕ್ರಕ್ಕೆ ಸಿಕ್ಕಿದ ಹಾಗೆ. ರಮಾಮಣಿ ರಿಸೀವರ್ ಎತ್ತಿ ಕಿವಿಗಿಟ್ಟಳು. ಆ ಕಿರುಚಾಟದ ಅಡಿಯಿಂದ “ಹಲೋ? ರಮಾಮಣಿ ಆಂಟಿ? ಹಲೋ?” ಎಂಬ ಸಣ್ಣ ದನಿ ಕೇಳಿಸಿತಂತೆ. ಆಮೇಲೆ ಲೈನು ಕಟ್ಟಾಯಿತು.

“ವಿನೋದಿನಿ,” ಎಂದಳು ರಮಾಮಣಿ. “ಫ್ಯಾಕ್ಸ್ ಯಾಕೆ ಬಂದಿಲ್ಲ ಅಂತ ಅವಳೇ ಫೋನ್ ಮಾಡಿದ್ದಳು. ನಮ್ಮನೆಯವರು ಅವಳ ಕಿವೀಲಿ ಕಿರುಚಿದರು.”

ಕಿರುಚಿದ್ದು ನಾನಲ್ಲ, ಮೋಡೆಮ್ ಎಂದೆ. ಅವಳು ವಾದಕ್ಕೆ ನಿಲ್ಲಲಿಲ್ಲ. ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಚೀಲಕ್ಕೆ ಇಳಿಸುವ ಸದ್ದು ಕೇಳಿಸಿತು. ಬಾಗಿಲಲ್ಲಿ ನಿಂತು ಏನೋ ಹೇಳಿದಳು. ನಾನು ಪರದೆಯಿಂದ ಕಣ್ಣು ಕೀಳದೆ “ಹ್ಞೂಂ, ಹ್ಞೂಂ, ಇನ್ನು ಐದೇ ನಿಮಿಷ,” ಎಂದೆ.

ಆ ಐದು ನಿಮಿಷ ಮುಗಿಯುವಷ್ಟರಲ್ಲಿ ಗಂಟೆ ಹನ್ನೆರಡೂವರೆ. ನಾಣಿ ಬೆವರು ಒರೆಸಿಕೊಳ್ಳುತ್ತ ಸೋಲೊಪ್ಪಿಕೊಂಡ. ಆದರೆ ನಾನು ಸೋಲುವವನೇ? ಕಣ್ಣು ಮುಚ್ಚಿದೆ. ಸಾಂತಾಕ್ರೂಜ್‌ನಲ್ಲಿದ್ದಾಗ ಕಾಂದಿವಲಿಗೆ ಬೆಳಗಿನ ಲೋಕಲ್ಲಿನಲ್ಲಿ ನೇತಾಡಿ ಸವೆಸಿದ ನನ್ನ ಆಯುಷ್ಯವೆಲ್ಲ ಕಣ್ಣ ಮುಂದೆ ಬಂತು. ಅಂಧೇರಿಯಲ್ಲಿ ನನಗೆ ಸೀಟು ಸಿಗುತ್ತಿದ್ದದ್ದು ಯಾವಾಗ? ಯಾರೋ ಸರಿದಾಗ ಅಲ್ಲ. ಯಾರೋ ಇಳಿದಾಗ!

“ನಾಣಿ, ಮೌಸು ಇಳೀಬೇಕು,” ಎಂದೆ.

“ಮೌಸಿಲ್ಲದೆ ಹೇಗೆ ಸಾರ್?”

“ಕೀಬೋರ್ಡ್ ಇದೆಯಲ್ಲ. ಬೆರಳಿದೆಯಲ್ಲ.”

ಹಿಂದಿನಿಂದ ಮೌಸಿನ ತಂತಿ ಕಿತ್ತು ಎಸೆದೆ. ನಾಲ್ಕನೇ ಸೀಟು ಪೂರ್ತಿ ಮೋಡೆಮ್ಮಿನದಾಯಿತು. ಕಂಪ್ಯೂಟರ್ ಆನ್ ಮಾಡಿ, ಬಾಣದ ಸಹಾಯವಿಲ್ಲದೆ, ಕತ್ತಲಲ್ಲಿ ಮೆಟ್ಟಿಲು ಹುಡುಕುವವನ ಹಾಗೆ ಒಂದೊಂದೇ ಕೀಲಿ ಒತ್ತುತ್ತ ಫ್ಯಾಕ್ಸ್ ಪ್ರೋಗ್ರಾಂ ತಲುಪಿದೆ. ಚೀಟಿಯಲ್ಲಿದ್ದುದನ್ನೆಲ್ಲ ಟೈಪ್ ಮಾಡಿದೆ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಕಳಿಸುವವರ ಹೆಸರೇನು ಎಂದು ಪ್ರೋಗ್ರಾಂ ಕೇಳಿತು. ಗೆಲುವು ಹತ್ತಿರವಿದ್ದಾಗ ಮನುಷ್ಯನ ಬೆರಳು ತಾನಾಗಿ ಓಡುತ್ತದೆ ನೋಡಿ. ‘ತಿರುಮಲೇಶ್ ಅಂಡ್ ಕಂಪನಿ, ಮಲಾಡ್’ ಎಂದು ದೊಡ್ಡಕ್ಷರದಲ್ಲಿ ಒತ್ತಿ, ‘ಕಳಿಸು’ ಎಂದೆ.

ಮೋಡೆಮ್ ನಂಬರು ತಿರುಗಿಸಿತು. ಆ ಕಡೆಯಿಂದ ಹೋಟೆಲಿನ ಮಷೀನು ಕಿರುಚಿತು, ಈ ಕಡೆಯಿಂದ ನಮ್ಮದು ಕಿರುಚಿತು. ಎರಡೂ ಪರಸ್ಪರ ಕುಲಗೋತ್ರ ವಿಚಾರಿಸಿಕೊಂಡು ಒಪ್ಪಿದವು. ಪರದೆಯ ಮೇಲೆ ‘ಕಳಿಸಲಾಗಿದೆ’ ಎಂಬ ಅಮೃತವಾಕ್ಯ ಮೂಡಿತು! ಒಂದು ಗಂಟೆಗೆ ಇನ್ನೂ ಸಮಯವಿತ್ತು! ನಾಣಿ ಬನಿಯನ್‌ನಲ್ಲೇ ಕುಣಿದ. ನಾನು ಕುಣಿದೆ. ನಮ್ಮ ಕುಣಿತಕ್ಕೆ ಕಂಪ್ಯೂಟರಿನ ಮುಚ್ಚಳ ಟೇಬಲ್ಲಿನಿಂದ ಬಿದ್ದು ಅದೂ ಕುಣಿಯಿತು. “ರಮಾ, ಹೋಯ್ತು ಕಣೇ, ಹೋಯ್ತು,” ಎಂದು ಕೂಗಿಕೊಂಡು ಅಡುಗೆಮನೆಗೆ ಓಡಿದೆ.

ಅಲ್ಲಿ ನೀಲಾಬಾಯಿ ಒಬ್ಬಳೇ ಪ್ರಿಂಟರಿನ ಕಾಗದವನ್ನು ಸುರುಳಿ ಸುತ್ತುತ್ತಿದ್ದಳು. “ಅಕ್ಕಾರು ಆಗಲೇ ಹೋದ್ರಲ್ರಿ. ಸಾಂತಾಕ್ರೂಜಿಗೆ ಹೊಂಟೀನಿ ಅಂದ್ರು, ನೀವ ಹ್ಞೂಂ ಅಂದ್ರಿ,” ಎಂದಳು.

ಪಾಪ, ಸುಮ್ಮನೆ ಸ್ಲೋ ಲೋಕಲ್ಲಿನಲ್ಲಿ ನೂಕಾಡಿಕೊಂಡು ಹೋದಳಲ್ಲ ಎಂದು ಮರುಕಪಟ್ಟೆ. ಅವಳು ಅಲ್ಲಿ ಮುಟ್ಟುವಷ್ಟರಲ್ಲಿ ನನ್ನ ಫ್ಯಾಕ್ಸ್ ಮೇಜಿನ ಮೇಲೆ ಪವಡಿಸಿರುತ್ತದೆ. ಅವಳನ್ನು ನೋಡುತ್ತಲೇ ಅವರು ಎದ್ದು ನಿಲ್ಲುತ್ತಾರೆ. ಬಂದ ಮೇಲೆ ಅವಳು ಏನೆನ್ನಬಹುದು, ನಾನು ಎಷ್ಟು ವಿನಯದಿಂದ ಅದನ್ನು ಸ್ವೀಕರಿಸಬೇಕು ಎಂದು ಕನ್ನಡಿಯ ಮುಂದೆ ನಿಂತು ಅಭ್ಯಾಸವನ್ನೂ ಮಾಡಿಕೊಂಡೆ.

ಸಂಜೆ ಬಂದಳು. ಡಬ್ಬಿಗಳು ಖಾಲಿ, ಮುಖ ತುಂಬಿತ್ತು. ಚಪ್ಪಲಿ ಬಿಡುತ್ತಲೇ ಎಲ್ಲ ಹೇಳಿದಳು. ಸೀದಾ ಹೋಟೆಲಿನ ಅಡುಗೆಮನೆಗೆ ಹೋದಳಂತೆ. ಅವರ ಬೇಳೆಕಟ್ಟು, ತನ್ನ ಪುಡಿ, ಕೈಯಾರೆ ಅಲ್ಲೇ ಒಂದು ಪಾತ್ರೆ ಸಾರು ಮಾಡಿ, ತುಪ್ಪದ ಒಗ್ಗರಣೆ ಕೊಟ್ಟಳಂತೆ. ಮುಖ್ಯ ಅಡುಗೆಯವನು ಲೋಟದಲ್ಲಿ ಕುಡಿದ, ಇನ್ನೊಮ್ಮೆ ಕುಡಿದ, ಮೂರನೇ ಸಲ ಬಾಗಿಲು ಹಾಕಿಕೊಂಡು ಕುಡಿದ. ಮಾಟುಂಗಾದವರ ಮಾತು ಅಲ್ಲಿಗೆ ಮುಗಿಯಿತು. ಆರ್ಡರಿನ ಕಾಗದ ತೋರಿಸಿದಳು. ಮೇಲೆ ಟೈಪ್ ಮಾಡಿತ್ತು: ಶ್ರೀಮತಿ ರಮಾಮಣಿ. ಅದನ್ನು ನನ್ನ ಕೈಗೆ ಕೊಡಲಿಲ್ಲ, ದೂರದಿಂದಲೇ ತೋರಿಸಿದಳು.

ನಾನು ಕಾಫಿ ಬೆರೆಸಿ ಕೊಟ್ಟೆ. ಸ್ವಲ್ಪ ಹೊತ್ತು ತಡೆದೆ. ತಡೆಯಲಾಗಲಿಲ್ಲ.

“ಅದೆಲ್ಲ ಸರಿ. ನನ್ನ ಫ್ಯಾಕ್ಸ್ ತಲುಪಿತೋ ಇಲ್ಲವೋ?”

“ತಲುಪ್ತು. ನಾನಲ್ಲಿ ಕೂತಿದ್ದಾಗಲೇ ಬಂತು.”

“ಹೇಗೆ ಬಂದಿತ್ತು?”

“ಚೆನ್ನಾಗಿತ್ತು. ಒಂದಕ್ಷರ ಅಳಿಸಿರಲಿಲ್ಲ. ಮೇಲೆ ದಪ್ಪಗೆ ‘ತಿರುಮಲೇಶ್ ಅಂಡ್ ಕಂಪನಿ’ ಅಂತ ಇತ್ತಲ್ಲ, ಅದಂತೂ ದೂರಕ್ಕೇ ಕಾಣೋದು.”

ನನ್ನ ಕಾಫಿ ಲೋಟ ಬಾಯಿಗೂ ಮೇಜಿಗೂ ನಡುವೆ ಹ್ಯಾಂಗ್ ಆಯಿತು.

“ವಿನೋದಿನಿ ಓದಿ ನನ್ನೇ ಕೇಳಿದಳು. ‘ಆಂಟಿ, ಯೇ ಕೌನ್ ಹೈ? ಇವರು ಕೂಡ ಮಲಾಡ್. ಸೇಮ್ ನಿಮ್ದೇ ಐಟಮ್ ಬರ್ದಿದಾರೆ. ಗೊತ್ತಾ ನಿಮ್ಗೆ?’ ಅಂತ.”

“ನೀನೇನಂದೆ?”

“ಗೊತ್ತು, ನಮ್ಮ ಬಿಲ್ಡಿಂಗ್‌ನವರೇ ಅಂದೆ. ವಯಸ್ಸಾದವರು, ಮನುಷ್ಯರು ಒಳ್ಳೆಯವರೇ, ಆದರೆ ಒಂದು ದಿನವೂ ಒಲೆ ಮುಂದೆ ನಿಂತವರಲ್ಲ ಅಂದೆ. ಸುಳ್ಳು ಹೇಳೋಕಾಗುತ್ತಾ?”

“ಅದಕ್ಕೆ ಅವಳು?”

“ಪಾಪ ಅನ್ನಿಸ್ತು ಅವಳಿಗೆ. ನಿಮ್ಮನ್ನ ವೇಟಿಂಗ್‌ನಲ್ಲಿ ಇಟ್ಟಿದಾಳೆ. ನಾನು ಸತ್ತರೆ ಆರ್ಡರ್ ನಿಮ್ಮ ಕಂಪನಿಗೆ.”

ಅವಳು ನಿಧಾನವಾಗಿ ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, ಆರ್ಡರನ್ನು ಮಡಿಸಿ ದೇವರ ಮುಂದಿಟ್ಟು ಬಂದಳು.

“ನಾಳೆ ಬ್ಯಾಡಗಿ ಮೆಣಸಿನಕಾಯಿ ಮೂಟೆ ಬರುತ್ತೆ,” ಎಂದಳು. “ತೊಟ್ಟು ಬಿಡಿಸೋಕೆ ನೀಲಾಬಾಯಿ ಒಬ್ಬಳಿಂದ ಆಗಲ್ಲ. ನಿಮ್ಮ ಕಂಪನಿಯಿಂದ ಯಾರನ್ನಾದ್ರೂ ಕಳಿಸ್ತೀರಾ?”

ಮಾರನೆಯ ಬೆಳಿಗ್ಗೆ ತಿರುಮಲೇಶ್ ಅಂಡ್ ಕಂಪನಿ ತನ್ನ ಮಾಲೀಕನನ್ನೇ ಕಳಿಸಿಕೊಟ್ಟಿತು. ಬೇರೆ ಸಿಬ್ಬಂದಿ ಇರಲಿಲ್ಲ.